ಹಾಕು ಮಾರಾಯ

ಮೈದಾನದ ಬಿಳಿ ಗೆರೆ ದಾಟಿ ಒಳಗೆ ಕಾಲಿಟ್ಟರೆ ಸಾಕು, ನನಗೆ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದ ದಿನ ಮನೆಗೆ ಬಂದು, ಇವತ್ತು ಅಭ್ಯಾಸ ಇತ್ತೋ ಇಲ್ಲವೋ ಎಂದು ನಾನೇ ಅನುಮಾನಪಟ್ಟದ್ದುಂಟು. ದೋಹಾದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಫುಟ್‌ಬಾಲ್ ಕೋಚ್. ಊರು ಮಂಗಳೂರಿನ ಕಡಲ ಬದಿ. ಮನೆಯಲ್ಲಿ ಬ್ಯಾರಿ, ಪೇಟೆಯಲ್ಲಿ ತುಳು, ಮೈದಾನದಲ್ಲಿ ಕನ್ನಡ ಎಂದು ಮಾತನ್ನು ಮೂರು ಪಾಲು ಮಾಡಿಕೊಂಡು ಬೆಳೆದವನು. ಇಲ್ಲಿಗೆ ಬಂದ ಮೇಲೆ ಇಂಗ್ಲಿಷ್, ಹಿಂದಿ, ಅರಬ್ಬಿ ಬೇರೆ ಸೇರಿಕೊಂಡವು. ಒಂದೇ ಬಾಯಿಯಲ್ಲಿ ಅಷ್ಟು ಜನ ಬಾಡಿಗೆಗೆ ಇದ್ದರೆ ಜಗಳ ಆಗದೆ ಇರುತ್ತದೆಯೇ?

ನಗುವನ್ನು ಸೃಷ್ಟಿಸಿದವನೂ ನಮ್ಮನ್ನು ಸೃಷ್ಟಿಸಿದವನೇ ಎಂದು ನಂಬಿದವನು ನಾನು. ಆದರೆ ಅದನ್ನು ಅವನು ಎಲ್ಲೆಲ್ಲಿ ಬಚ್ಚಿಡುತ್ತಾನೆ, ಯಾವ ಹೊತ್ತಿಗೆ ತೆಗೆದು ತೋರಿಸುತ್ತಾನೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಡೈರೆಕ್ಟರ್ ಸಾಹೇಬರು

ಊರಿನಲ್ಲಿ ನಾನು ಒಂದು ಸಣ್ಣ ಕಾಲೇಜಿನ ಆಟದ ಮೇಷ್ಟ್ರು. ನಮ್ಮ ಕಡೆ ಆ ಹುದ್ದೆಗೆ 'ಫಿಸಿಕಲ್ ಡೈರೆಕ್ಟರ್' ಎಂದು ಹೆಸರು. ಸಿಳ್ಳೆ ಊದುವವನಿಗೆ ಅಷ್ಟು ದೊಡ್ಡ ಹೆಸರು ಯಾರು ಇಟ್ಟರೋ ಗೊತ್ತಿಲ್ಲ, ಅವರಿಗೆ ಅಲ್ಲಾಹನು ಒಳ್ಳೆಯದು ಮಾಡಲಿ. ಅನುಭವ ಪತ್ರದಲ್ಲಿ ಅದನ್ನೇ ದಪ್ಪಕ್ಷರದಲ್ಲಿ ಬರೆದುಕೊಟ್ಟಿದ್ದರು.

ದೋಹಾದಲ್ಲಿ ಸಂದರ್ಶನಕ್ಕೆ ಹೋದಾಗ ಅಲ್ಲಿಯ ಅಧಿಕಾರಿ ಆ ಪತ್ರ ಓದಿದವರು ಕುರ್ಚಿಯಿಂದ ಎದ್ದುಬಿಟ್ಟರು. ನನಗೆ ಮೆತ್ತನೆಯ ಸೋಫಾ ತೋರಿಸಿದರು. ಖರ್ಜೂರ ಬಂತು, ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಕಹ್ವಾ ಬಂತು.

"ಡೈರೆಕ್ಟರ್ ಆಗಿದ್ದವರು ಕೋಚ್ ಕೆಲಸಕ್ಕೆ ಯಾಕೆ ಬಂದಿರಿ?" ಎಂದು ಕೇಳಿದರು.

"ಅಲ್ಲಾಹನು ಕರೆದುಕೊಂಡು ಬಂದ," ಎಂದೆ. ಅದು ನಿಜವೇ.

ಅವರು ತಲೆದೂಗಿದರು. "ನಿಮ್ಮ ಕೈಕೆಳಗೆ ಎಷ್ಟು ಮಂದಿ ಇದ್ದರು?"

ಸುಳ್ಳು ಹೇಳಬಾರದು. "ಎರಡು ವಾಲಿಬಾಲ್, ಒಂದು ನೆಟ್, ಗಾಳಿ ತುಂಬುವ ಪಂಪ್ ಒಂದು," ಎಂದೆ.

ಅವರು ನಕ್ಕರು ಎಂದರೆ ಕಣ್ಣಲ್ಲಿ ನೀರು ಬರುವಷ್ಟು. "ದೊಡ್ಡವರು ಹೀಗೇ ಸರಳ ಇರಬೇಕು," ಎನ್ನುತ್ತಾ ಕಾಗದಕ್ಕೆ ಸಹಿ ಮಾಡಿಬಿಟ್ಟರು. ನಾನು ಹೆಚ್ಚಾಗಿ ಆಡಿಸುತ್ತಿದ್ದುದು ಕಬಡ್ಡಿ. ಅದನ್ನು ಅವರು ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳುತ್ತಿದ್ದೆ.

ಉಸ್ತಾದರು ಕಲಿಸಿದ ಅರಬ್ಬಿ

ಕೈಗೆ ಬಂದ ತಂಡದಲ್ಲಿ ಒಂಬತ್ತು ದೇಶದ ಹುಡುಗರಿದ್ದರು. ಮೂವರನ್ನು ನೀವು ನೆನಪಿಟ್ಟುಕೊಂಡರೆ ಸಾಕು. ಕ್ಯಾಪ್ಟನ್ ಸುಡಾನಿನ ಹುಡುಗ, ನಾಲಗೆ ಚುರುಕು. ಗೋಲು ಹೊಡೆಯಬೇಕಾದ ಸ್ಟ್ರೈಕರ್ ಕತಾರಿ, ಉದ್ದ ಕಾಲಿನವನು, ಮಾತು ಕಡಿಮೆ. ಗೋಲ್‌ಕೀಪರ್ ನಮ್ಮದೇ ಕಡೆಯವನು. ತಂದೆ ಮೆಸಯೀದಿನ ಕಾರ್ಖಾನೆಯಲ್ಲಿ, ಹುಡುಗ ಹುಟ್ಟಿದ್ದೇ ಇಲ್ಲಿ. ಅವನ ಕನ್ನಡ ಎಂದರೆ ಅರ್ಧಕ್ಕೇ ನಿಂತುಬಿಡುವ ಲಿಫ್ಟ್.

ಹೆಚ್ಚಿನವರು ಅರಬ್ಬಿ ಮಾತಾಡುವವರು ಎಂದು ಕೇಳಿ ನನಗೆ ಖುಷಿಯೋ ಖುಷಿ. ಆರು ವರ್ಷ ಮದ್ರಸದಲ್ಲಿ ಅರಬ್ಬಿ ಓದಿದವನಲ್ಲವೇ ನಾನು. ಮೊದಲ ದಿನವೇ ಉಸ್ತಾದರನ್ನು ಮನಸ್ಸಿನಲ್ಲಿ ನೆನೆದು, ಅವರು ಕಲಿಸಿದ ಉಚ್ಚಾರಣೆಯಲ್ಲೇ ಒಂದೊಂದು ಅಕ್ಷರವನ್ನೂ ಗಂಟಲ ಆಳದಿಂದ ತೆಗೆದು, ನೋಡು, ಹೋಗು, ಮುಂದೆ ಬಾ ಎಂದು ಕೂಗಿದೆ.

ಇಡೀ ತಂಡ ನಿಂತಲ್ಲೇ ನಿಂತಿತು. ಒಬ್ಬನಂತೂ ತಲೆಯ ಟೋಪಿ ಸರಿಮಾಡಿಕೊಂಡ.

ಆಮೇಲೆ ತಿಳಿಯಿತು. ನನಗೆ ಗೊತ್ತಿದ್ದದ್ದು ಗ್ರಂಥದ ಅರಬ್ಬಿ. ಇವರು ಬೀದಿಯಲ್ಲಿ ಆಡುವುದು ಬೇರೆಯೇ. 'ನೋಡು' ಎನ್ನಲು ಇವರು 'ಶೂಫ್' ಎಂದರೆ, ನಾನು 'ಉನ್‌ಝುರ್' ಎಂದಿದ್ದೆ. ನಮ್ಮೂರಿನಲ್ಲಿ ಯಕ್ಷಗಾನದ ವೇಷಧಾರಿ ಕಿರೀಟ ಸಮೇತ ಸಿಟಿ ಬಸ್ ಹತ್ತಿ, "ಎಲೈ ನಿರ್ವಾಹಕನೇ, ಚೀಟಿಯೊಂದನ್ನು ಕರುಣಿಸುವಂಥವನಾಗು," ಎಂದರೆ ಹೇಗಿರುತ್ತದೆ, ಹಾಗೆ.

ಕ್ಯಾಪ್ಟನ್ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಹೇಳಿದ: "ಕೋಚ್, ನೀವು ನೋಡು ಅಂದಾಗ ಚೆಂಡು ನೋಡಬೇಕೋ ಪರಲೋಕ ನೋಡಬೇಕೋ ಗೊತ್ತಾಗುವುದಿಲ್ಲ."

ಯೋಗ್ಯರಿಗೆ ಜಯ

ನಮ್ಮದು ಆರು ಕಾಲೇಜುಗಳ ಲೀಗ್. ಮೊದಲ ವರ್ಷ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಎರಡನೇ ವರ್ಷವೂ ಅಷ್ಟೆ. ಮೂರನೇ ವರ್ಷದ ಶುರುವಿನಲ್ಲಿ ಡೀನ್ ಸಾಹೇಬರು ಕರೆಸಿದರು. ಕತಾರಿ ಹಿರಿಯರು, ಇಸ್ತ್ರಿ ಮಡಿಕೆ ಮುರಿಯದ ಬಿಳಿ ಥೋಬ್ ನಿಲುವಂಗಿ, ಮಾತು ಮೆಲ್ಲಗೆ.

"ಕೋಚ್, ಒಂದು ಪಂದ್ಯ ಗೆದ್ದು ಕೊಡಿ. ಒಂದೇ ಸಾಕು. ಇಲ್ಲವಾದರೆ ಈ ವರ್ಷಕ್ಕೆ ತಂಡ ಖಲಾಸ್. ಮೈದಾನವನ್ನು ಪಾರ್ಕಿಂಗಿಗೆ ಕೊಡುತ್ತೇವೆ. ಕಾರುಗಳಿಗಾದರೂ ಅಲ್ಲಿ ಏನು ಮಾಡಬೇಕು ಅಂತ ಗೊತ್ತಿರುತ್ತದೆ."

ನಾನು ತಲೆ ತಗ್ಗಿಸಿ ಹೊರಗೆ ಬಂದೆ. ನನ್ನ ಚಿಂತೆ ನನ್ನ ಬಗ್ಗೆ ಅಲ್ಲ. ಕ್ಯಾಪ್ಟನಿಗೆ ಅದು ಕೊನೆಯ ವರ್ಷ. ಅವನ ತಂದೆಗೆ ದೂರದ ದುಖಾನ್ ಪಟ್ಟಣದಲ್ಲಿ ಕೆಲಸ. ಮಗನ ಪಂದ್ಯ ಇದ್ದ ದಿನ ಮರಳುಗಾಡಿನ ಅಷ್ಟುದ್ದ ದಾರಿ ಕಾರು ಓಡಿಸಿಕೊಂಡು ಬಂದು, ನಾವು ಸೋಲುವುದನ್ನು ಕೊನೆಯವರೆಗೂ ನೋಡಿ, ಎಲ್ಲ ಹುಡುಗರ ಕೈ ಕುಲುಕಿ, ವಾಪಸ್ ಹೋಗುತ್ತಿದ್ದರು. ಮಗ ಒಂದು ಸಲ ಗೆದ್ದದ್ದನ್ನು ಆ ಮನುಷ್ಯ ಇನ್ನೂ ನೋಡಿರಲಿಲ್ಲ.

ಆ ವರ್ಷದ ಮೊದಲ ಎರಡು ಪಂದ್ಯವನ್ನೂ ಸೋತೆವು. ಪಂದ್ಯಕ್ಕೆ ಮೊದಲು ಹುಡುಗರನ್ನು ಸುತ್ತ ನಿಲ್ಲಿಸಿ ದುಆ ಮಾಡುವುದು ನನ್ನ ಪದ್ಧತಿ. ಬರೀ ನಮಗೇ ಜಯ ಕೊಡು ಎಂದು ಕೇಳಲು ನನಗೆ ಸಂಕೋಚ. ಎದುರಿನ ಹುಡುಗರೂ ಅವನದೇ ಸೃಷ್ಟಿ. ಹಾಗಾಗಿ ಮೂರು ವರ್ಷವೂ, "ಯಾ ಅಲ್ಲಾಹ್, ಯಾರು ಯೋಗ್ಯರೋ ಅವರಿಗೆ ಜಯ ಕೊಡು," ಎಂದು ಕೇಳುತ್ತಿದ್ದೆ.

ಎರಡನೇ ಸೋಲಿನ ಮೇಲೆ ಕ್ಯಾಪ್ಟನ್ ಬೂಟಿನ ದಾರ ಬಿಚ್ಚುತ್ತಾ, "ಕೋಚ್, ಆ ದುಆ ಸ್ವಲ್ಪ ಬದಲಿಸಬಹುದಾ?" ಎಂದ.

"ಯಾಕಪ್ಪಾ? ದುಆ ಸ್ವೀಕಾರ ಆಗಲು ತಾಳ್ಮೆ ಬೇಕು."

"ಸ್ವೀಕಾರ ಆಗ್ತಾನೇ ಇದೆ ಕೋಚ್. ಅದೇ ತೊಂದರೆ."

ಬಾರದವನು

ಒಂದು ಸಂಜೆ ಅಸರ್ ನಮಾಝ್ ಆಗಿ ಅಭ್ಯಾಸಕ್ಕೆ ಇಳಿದಾಗ, ಹುಡುಗರೆಲ್ಲ ಗುಂಪಾಗಿ ಬಂದು ನನ್ನ ಸುತ್ತ ನಿಂತರು. ಮುಖ ಗಂಭೀರ. ಏನೋ ದೂರು ಇರಬೇಕು ಅಂದುಕೊಂಡೆ.

ಕ್ಯಾಪ್ಟನ್ ಮಾತು ತೆಗೆದ: "ಕೋಚ್, ತಪ್ಪು ತಿಳಿಯಬೇಡಿ. ಮಾರಾಯ ಯಾರು?"

"ಏನು?"

"ಪ್ರತಿ ಪಂದ್ಯದಲ್ಲೂ ನೀವು ಅವನನ್ನು ಕರೀತೀರಿ. ಓಡು ಮಾರಾಯ, ಹಿಂದೆ ಬಾ ಮಾರಾಯ, ಎಂತ ಮಾರಾಯ. ನಮ್ಮ ಹೆಸರು ಕರೆಯುವುದಕ್ಕಿಂತ ಅವನ ಹೆಸರೇ ಜಾಸ್ತಿ. ಮೂರು ವರ್ಷದಿಂದ ಕಾಯ್ತಾ ಇದ್ದೇವೆ, ಒಂದು ದಿನವೂ ಬರಲಿಲ್ಲ. ಅಷ್ಟು ಚೆನ್ನಾಗಿ ಆಡ್ತಾನಾ?"

ಅಪರೂಪಕ್ಕೆ ಸ್ಟ್ರೈಕರ್ ಕೂಡ ಬಾಯಿ ಬಿಟ್ಟ: "ಸತ್ತುಹೋದನಾ ಕೋಚ್?" ಅವನ ದನಿಯಲ್ಲಿ ನಿಜವಾದ ಮರುಕ ಇತ್ತು.

ಮಾರಾಯ ಎಂದರೆ ಯಾರೂ ಅಲ್ಲ, ನಮ್ಮೂರಿನಲ್ಲಿ ಪ್ರೀತಿಗೂ ಸಿಟ್ಟಿಗೂ ಬೇಸರಕ್ಕೂ ಎಲ್ಲರನ್ನೂ ಎಲ್ಲರೂ ಕರೆಯುವ ಮಾತು, ಅರಬ್ಬಿಯಲ್ಲಿ ಅದು ಇಲ್ಲ ಎಂದು ವಿವರಿಸಿದೆ. ಸಾಕ್ಷಿಗೆ ಗೋಲ್‌ಕೀಪರನ್ನು ಕರೆದೆ. ಅವನು, "ಹೌದು, ನನ್ನ ಅಪ್ಪ ಫ್ರಿಜ್‌ಗೂ ಮಾರಾಯ ಅಂತಾರೆ," ಎಂದ.

ಉಳಿದವರು ಚೆಂಡಿನ ಕಡೆ ಹೊರಟರು. ಕ್ಯಾಪ್ಟನ್ ಮಾತ್ರ ಸಣ್ಣ ಮುಖ ಮಾಡಿಕೊಂಡ. "ಅವನು ಬಂದರೆ ಒಂದು ಪಂದ್ಯ ಗೆಲ್ತೇವೆ ಅಂತ ಆಸೆ ಇಟ್ಟುಕೊಂಡಿದ್ದೆ."

ಹಳದಿ ಕಾರ್ಡ್

ಮೂರನೇ ಪಂದ್ಯದ ಮಧ್ಯೆ ನಮ್ಮ ಡಿಫೆಂಡರ್ ಒಬ್ಬ ಎದುರಾಳಿಯ ಕಾಲಿಗೆ ಕಾಲು ಕೊಟ್ಟು ಬೀಳಿಸಿದ. ಬಿದ್ದವನು ಎದ್ದು ಇವನ ಎದೆಗೆ ಕೈ ಹಾಕಿದ. ಕ್ಷಣದಲ್ಲಿ ಇಪ್ಪತ್ತು ಜನ ಮುದ್ದೆಯಾಗಿಬಿಟ್ಟರು. ಬಿಳಿ ಗಡ್ಡದ ರೆಫ್ರಿ ಸಿಳ್ಳೆ ಊದುತ್ತಾ ನಡುವೆ ನುಗ್ಗಿ ಅವರನ್ನು ಬಿಡಿಸಿ, ಜೇಬಿಗೆ ಕೈ ಹಾಕಿದರು. ಸರಿಯಾಗಿ ಅಷ್ಟು ಹೊತ್ತಿಗೆ ಮುಸ್ಸಂಜೆಯ ಮಗ್ರಿಬ್ ನಮಾಝಿನ ಬಾಂಗ್ ಕೇಳಿತು.

ಜೇಬಿನ ಕೈ ಜೇಬಿನಲ್ಲೇ ನಿಂತಿತು. ಗದ್ದಲ ಕರಗಿತು. ನಲ್ಲಿಯ ಹತ್ತಿರ ಸಾಲು ನಿಂತು ಎಲ್ಲರೂ ಕೈಕಾಲು ಮುಖ ತೊಳೆದು ಬಂದರು. ಮೈದಾನದ ಬದಿಯಲ್ಲಿ ಚಾಪೆ ಹಾಸಿದರು. ವಯಸ್ಸಿನಲ್ಲಿ ಹಿರಿಯರು ಎಂದು ರೆಫ್ರಿಯವರನ್ನೇ ಇಮಾಮರಾಗಿ ಮುಂದೆ ನಿಲ್ಲಿಸಿದರು. ಸಾಲಿನಲ್ಲಿ ನೋಡಿದರೆ, ಬೀಳಿಸಿದವನೂ ಬಿದ್ದವನೂ ಹೆಗಲಿಗೆ ಹೆಗಲು ತಾಗಿಸಿ, ಕಾಲ ಕಿರುಬೆರಳಿಗೆ ಕಿರುಬೆರಳು ಸೇರಿಸಿ ನಿಂತಿದ್ದಾರೆ. ಐದು ನಿಮಿಷದ ಹಿಂದೆ ಒಬ್ಬರ ಅಂಗಿ ಒಬ್ಬರು ಹಿಡಿದಿದ್ದ ಕೈಗಳು ಈಗ ಎದೆಯ ಮೇಲೆ ಕಟ್ಟಿಕೊಂಡಿವೆ. ಎಷ್ಟೋ ದೇಶದ ಮಕ್ಕಳು ಒಂದೇ ಸಲ ಬಾಗಿದರು. ಸುಬ್‌ಹಾನಲ್ಲಾಹ್, ನನ್ನ ಸಿಳ್ಳೆಯಿಂದ ಒಂದು ದಿನವೂ ಆಗದ ಸಾಲು ಅದು.

ನಮಾಝ್ ಮುಗಿಯಿತು. ರೆಫ್ರಿ ಬಲಕ್ಕೆ ತಿರುಗಿ ಸಲಾಂ ಹೇಳಿದರು. ಎಡಕ್ಕೆ ತಿರುಗಿ ಸಲಾಂ ಹೇಳಿದರು. ಆಮೇಲೆ ನಿಧಾನಕ್ಕೆ ಹಿಂದಕ್ಕೆ ತಿರುಗಿ, ಜೇಬಿನಿಂದ ಹಳದಿ ಕಾರ್ಡ್ ತೆಗೆದು ನಮ್ಮ ಡಿಫೆಂಡರನಿಗೆ ತೋರಿಸಿದರು.

"ಶೇಖ್, ಈಗ ತಾನೇ ಕ್ಷಮೆ ಕೇಳಿದೆನಲ್ಲ," ಎಂದ ಹುಡುಗ, ಚಾಪೆಯ ಮೇಲೆ ಕೂತಲ್ಲಿಂದಲೇ.

"ಅಲ್ಲಾಹನ ಹತ್ತಿರ ಕೇಳಿದೆ. ಅವನು ಕ್ಷಮಿಸಿಯೂ ಇರಬಹುದು," ಎಂದರು ಅವರು. "ನಾನು ರೆಫ್ರಿ."

ಮಹಾ ತ್ಯಾಗಿ

ಆ ಪಂದ್ಯವೂ ಹೋಯಿತು, ನಾಲ್ಕನೆಯದೂ ಹೋಯಿತು. ಕೊನೆಯದು ಒಂದೇ ಉಳಿಯಿತು.

ನನಗೆ ಮೂರು ವರ್ಷದಿಂದ ಬಿಡಿಸಲಾಗದ ಒಗಟು ಎಂದರೆ ನಮ್ಮ ಸ್ಟ್ರೈಕರ್. ಅಭ್ಯಾಸದಲ್ಲಿ ಅವನು ಒದ್ದ ಚೆಂಡು ಕಣ್ಣಿಗೇ ಕಾಣದು. ಪಂದ್ಯದಲ್ಲಿ ಮಾತ್ರ ಗೋಲಿನ ಎದುರು ಒಬ್ಬನೇ ನಿಂತಾಗಲೂ, ನಾನು ಇತ್ತ ಗಂಟಲು ಹರಿಯುವ ಹಾಗೆ "ಹಾಕು, ಹಾಕು" ಎಂದು ಕೂಗುತ್ತಿದ್ದರೂ, ಅವನು ಮೆತ್ತಗೆ ಪಕ್ಕದವನಿಗೆ ಪಾಸ್ ಕೊಟ್ಟುಬಿಡುವನು. ಪಕ್ಕದವನು ಅದನ್ನು ಆಕಾಶಕ್ಕೆ ಒದೆಯುವನು.

ಯೋಚಿಸಿ ಯೋಚಿಸಿ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಈ ಹುಡುಗ ಸಾಮಾನ್ಯನಲ್ಲ. ತನಗಿಂತ ತನ್ನ ಸಹೋದರನಿಗೆ ಮೊದಲು ಸಿಗಲಿ ಎನ್ನುವ ಗುಣ ಇವನದು. ನಾವು ಪುಸ್ತಕದಲ್ಲಿ ಓದುವ ತ್ಯಾಗ ಇವನ ಕಾಲಿನಲ್ಲೇ ಉಂಟು. ನಾಲ್ಕನೇ ಸೋಲಿನ ಮರುದಿನ ತಂಡವನ್ನು ಕೂರಿಸಿ, ಅವನ ಹೆಗಲ ಮೇಲೆ ಕೈಯಿಟ್ಟು ಕಾಲು ಗಂಟೆ ಮಾತಾಡಿದೆ. "ಗೋಲು ಹೊಡೆಯುವವರು ಬಹಳ ಜನ. ಕೊಡುವವರು ಎಲ್ಲಿದ್ದಾರೆ? ಇವನಿಂದ ಕಲಿಯಿರಿ." ಹೇಳುತ್ತಾ ಹೇಳುತ್ತಾ ನನ್ನ ಕಣ್ಣೂ ತುಂಬಿತು. ಹುಡುಗ ಕೆಂಪಾಗಿ ನೆಲ ನೋಡುತ್ತಿದ್ದ.

ಆಮೇಲೆ ಗೋಲ್‌ಕೀಪರ್ ನನ್ನನ್ನು ಬದಿಗೆ ಕರೆದ. "ಸರ್, ನಿಮಗೆ ಒಂದು... ಎಂತ ಹೇಳುವುದು... ಒಂದು ರಾಂಗ್ ಆಗಿದೆ."

"ಏನಾಯ್ತು?"

"ನೀವು ಹಾಕು ಅಂತೀರಲ್ಲ. ಅಂದ್ರೆ ಗೋಲು ಹಾಕು ಅಂತ. ನಮ್ಮ ಕನ್ನಡದಲ್ಲಿ."

"ಮತ್ತೆ?"

"ಅರಬ್ಬಿಯಲ್ಲಿ 'ಹಾಕ್' ಅಂದ್ರೆ 'ಇಗೋ, ತಗೋ' ಅಂತ ಸರ್. ಯಾರಿಗಾದರೂ ಏನಾದರೂ ಕೊಡುವಾಗ ಹೇಳುವುದು. ನೀವು ಕೂಗಿದ ಕೂಡಲೇ ಅವನು ಕೊಡ್ತಾನೆ. ಪಾಪ, ಅವನಿಗೆ ಕೊಡ್ಲಿಕ್ಕೆ ಮನಸ್ಸೇ ಇಲ್ಲ."

ನಾನು ಅಲ್ಲೇ ಹುಲ್ಲಿನ ಮೇಲೆ ಕೂತೆ. ಸ್ಟ್ರೈಕರನ್ನು ಕರೆದು ಕೇಳಿದೆ. ಅವನು ತಲೆ ತಗ್ಗಿಸಿಯೇ ಹೇಳಿದ: "ನೀವು ಕೊಡುಗೈ ಮನುಷ್ಯ ಅಂದುಕೊಂಡಿದ್ದೆ ಕೋಚ್. ಗೋಲಿಗಿಂತ ದಾನ ದೊಡ್ಡದು ಅಂತ ಕಲಿಸ್ತಾ ಇದ್ದೀರಿ ಅಂತ. ಎಷ್ಟು ಗೋಲು ಬಿಟ್ಟೆ ಗೊತ್ತಾ, ನಿಮ್ಮ ಮುಖ ನೋಡಿ."

ಮೂರು ವರ್ಷ ನಾನು ಅವನನ್ನು ಸಂತ ಎಂದುಕೊಂಡಿದ್ದೆ. ಅವನು ನನ್ನನ್ನು. ನಮ್ಮಿಬ್ಬರ ಸಂತತನದಲ್ಲಿ ತಂಡ ಮುಳುಗುತ್ತಿತ್ತು.

ಕೊನೆಯ ಪಂದ್ಯ

ಇನ್ನು ಆ ಮಾತು ಬಾಯಿಂದ ಬರಬಾರದು ಎಂದು ನಿಶ್ಚಯಿಸಿದೆ. ಆದರೆ ಬಿಸಿ ಏರಿದಾಗ ನಾಲಗೆ ನನ್ನ ಮಾತು ಕೇಳುವುದಿಲ್ಲ. ಹಾಗಾಗಿ ಪಂದ್ಯದ ದಿನ ಹಲ್ಲುಜ್ಜುವ ಮಿಸ್ವಾಕ್ ಕಡ್ಡಿಯನ್ನು ಹಲ್ಲುಗಳ ನಡುವೆ ಕಚ್ಚಿ ಹಿಡಿದು ಗೆರೆಯ ಬದಿ ನಿಂತೆ. ಪುಣ್ಯಕ್ಕೂ ಆಯಿತು, ಬೀಗಕ್ಕೂ ಆಯಿತು.

ಎದುರಾಳಿ ಲೀಗಿನ ದೊಡ್ಡ ತಂಡ. ಅವರ ಕೋಚ್ ಈಜಿಪ್ಟಿನವರು, ಹಿಂದೆ ಒಳ್ಳೆಯ ಆಟಗಾರರು. ಕೈಯಲ್ಲಿ ಸದಾ ಒಂದು ಪುಟ್ಟ ನೋಟ್‌ಬುಕ್. ದುಖಾನಿನಿಂದ ಬಂದ ಕ್ಯಾಪ್ಟನ್‌ನ ತಂದೆ ಎಂದಿನ ಜಾಗದಲ್ಲಿ ಎಂದಿನ ಹಾಗೆ ಕೂತಿದ್ದರು. ಡೀನ್ ಸಾಹೇಬರೂ ಬಂದಿದ್ದರು. ಅವರ ಪಕ್ಕದಲ್ಲಿದ್ದವರ ಕೈಯಲ್ಲಿ ಅಳತೆಯ ಟೇಪ್ ಇತ್ತು. ನಾನು ಆ ಕಡೆ ನೋಡದಿರಲು ಪ್ರಯತ್ನಿಸಿದೆ.

ದುಆದ ಹೊತ್ತಿಗೆ ಹುಡುಗರು ನನ್ನ ಬಾಯಿಯನ್ನೇ ನೋಡಿದರು. "ಯಾ ಅಲ್ಲಾಹ್," ಎಂದೆ, "ಯೋಗ್ಯರಿಗೇ ಜಯ ಕೊಡು." ಕ್ಯಾಪ್ಟನ್ ನಿಟ್ಟುಸಿರು ಬಿಟ್ಟ. "ಆದರೆ ಇವತ್ತೊಂದು ಸಂಜೆ ನಮ್ಮನ್ನೇ ಯೋಗ್ಯರನ್ನಾಗಿ ಮಾಡಿಬಿಡು." ಆಮೀನ್ ಎಂದ ಅವನ ದನಿ ಗ್ಯಾಲರಿಗೂ ಕೇಳಿರಬೇಕು.

ಆಟ ಶುರುವಾಯಿತು. ನಮ್ಮ ಗೋಲ್‌ಕೀಪರ್ ಆ ದಿನ ಏನೇನು ಹಿಡಿದ ಎಂದು ಹೇಳಿದರೆ ನಂಬುವುದಿಲ್ಲ. ಎರಡು ಸಲ ಕೈಯಿಂದ, ಒಂದು ಸಲ ಮೊಣಕಾಲಿನಿಂದ, ಒಂದು ಸಲ ಗೊತ್ತೇ ಆಗದೆ ಬೆನ್ನಿನಿಂದ ಚೆಂಡು ತಡೆದ. ಆದರೆ ನಮಗೂ ಗೋಲು ಇಲ್ಲ. ಸಮ ಆದರೆ ಸಾಲದು, ಗೆಲ್ಲಬೇಕು. ಗಡಿಯಾರದಲ್ಲಿ ಎರಡೇ ನಿಮಿಷ ಉಳಿದಿತ್ತು.

ಆಗ ಕ್ಯಾಪ್ಟನ್ ಮಧ್ಯದಿಂದ ಒಂದು ಚೆಂಡನ್ನು ಸೀಳಿ ಕಳಿಸಿದ. ಅದು ಸ್ಟ್ರೈಕರನ ಕಾಲಿಗೆ ಬಂದು ನಿಂತಿತು. ಎದುರಿಗೆ ಇಬ್ಬರು ಡಿಫೆಂಡರುಗಳು, ಹಿಂದೆ ಅವರ ಗೋಲ್‌ಕೀಪರ್. ಎಡಕ್ಕೆ ನಮ್ಮವನೊಬ್ಬ ಖಾಲಿ ನಿಂತಿದ್ದಾನೆ. ಮಿಸ್ವಾಕ್ ಯಾವಾಗ ಬಿತ್ತೋ ಕಾಣೆ. ಅಷ್ಟು ಹೊತ್ತು ತಡೆದಿದ್ದ ದನಿ ಹೊರಗೆ ನುಗ್ಗಿತು.

"ಹಾಕು ಮಾರಾಯ."

ಆಮೇಲೆ ಆದದ್ದನ್ನು ನಾನು ಕಣ್ಣಾರೆ ಕಂಡೆ. 'ಹಾಕು' ಕೇಳಿದ್ದೇ ತಡ, ಇಬ್ಬರೂ ಡಿಫೆಂಡರುಗಳು ಎಡಕ್ಕೆ ಹಾರಿದರು. ಅವರ ಗೋಲ್‌ಕೀಪರೂ ಎಡಕ್ಕೆ ಹಾರಿದ. ಅವರ ಕೋಚ್‌ನ ನೋಟ್‌ಬುಕ್ಕಿನಲ್ಲಿ ಮೂರು ವರ್ಷದಿಂದ ಒಂದು ಸಾಲು ಇತ್ತಂತೆ: ಈ ಇಂಡಿಯನ್ 'ಹಾಕ್' ಎಂದು ಕೂಗಿದರೆ ಚೆಂಡು ಪಕ್ಕಕ್ಕೆ ಹೋಗುತ್ತದೆ, ಪಕ್ಕದವನನ್ನು ಹಿಡಿಯಿರಿ. ಗೋಲು ಬಾಗಿಲು ತೆಗೆದ ಮನೆಯ ಹಾಗೆ ಖಾಲಿ. ನಮ್ಮ ಹುಡುಗ ಒಂದು ಕ್ಷಣ ತಡೆದ. ಆಮೇಲೆ ಹಾಕಿದ.

ಬಲೆ ಉಬ್ಬಿದ್ದು ಕಂಡಿತು. ಮುಂದೆ ನನಗೆ ನೆನಪಿರುವುದು ನೆಲಕ್ಕೆ ಬಾಗಿದ ಹಣೆಗೆ ತಾಗಿದ ಹುಲ್ಲಿನ ತಂಪು. ತಪ್ಪಿ ಕೂಗಿದ ಒಂದು ಮಾತನ್ನು ಆ ಸೃಷ್ಟಿಕರ್ತನು ಮೂರು ವರ್ಷ ಎಲ್ಲಿ ಎತ್ತಿಟ್ಟಿದ್ದ, ಯಾವ ಗಳಿಗೆಗೆ ತೆಗೆದುಕೊಟ್ಟ. ನನ್ನ ಸೋಲುಗಳನ್ನೂ ಅವನು ವ್ಯರ್ಥ ಮಾಡಿರಲಿಲ್ಲ. ತಲೆ ಎತ್ತಿದಾಗ ದುಖಾನಿನ ಆ ತಂದೆ ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು.

ಸಿಳ್ಳೆ ಆದ ಮೇಲೆ ಸ್ಟ್ರೈಕರನ್ನು ತಬ್ಬಿ ಕೇಳಿದೆ: "ನಾನು ಮತ್ತೆ ಅದೇ ಕೂಗಿದೆನಲ್ಲ. ಪಾಸ್ ಯಾಕೆ ಕೊಡಲಿಲ್ಲ?"

"ಬರೀ ಹಾಕ್ ಅಂದಿದ್ದರೆ ಕೊಟ್ಟೇಬಿಡ್ತಿದ್ದೆ ಕೋಚ್, ಕಾಲು ಎತ್ತಿಯೂ ಆಗಿತ್ತು. ಹಿಂದೆಯೇ ಮಾರಾಯ ಅಂದಿರಿ. ಅದು ಅರಬ್ಬಿಯಲ್ಲಿ ಇಲ್ಲವಲ್ಲ. ಓ, ಇದು ನಿಮ್ಮ ಭಾಷೆ ಅಂತ ಗೊತ್ತಾಯ್ತು."

ಕ್ಯಾಪ್ಟನ್ ಬೆವರು ಒರೆಸಿಕೊಳ್ಳುತ್ತಾ ಹತ್ತಿರ ಬಂದ. "ನಾನು ಹೇಳಿದ್ದೆನಲ್ಲ. ಅವನು ಬಂದರೆ ಗೆಲ್ತೇವೆ ಅಂತ."

ಅಷ್ಟರಲ್ಲಿ ಮೇಜಿನ ಹಿಂದೆ ಕೂತಿದ್ದ ಗುಮಾಸ್ತರು ಕ್ಯಾಪ್ಟನನ್ನು ಕರೆದು ಗೋಲು ಹೊಡೆದವನ ಹೆಸರು ಕೇಳಿದರು. ಹೇಳಿದ. ನೆರವು ಯಾರದು ಎಂದು ಕೇಳಿದರು. ಚೆಂಡು ಕಳಿಸಿದ್ದು ಅವನೇ. ಆದರೂ ನನ್ನ ಕಡೆ ಒಮ್ಮೆ ನೋಡಿ ಅವನು ಹೇಳಿದ್ದು ಬೇರೆ ಹೆಸರು. ಗುಮಾಸ್ತರು ಹಾಗೇ ಬರೆದುಕೊಂಡರು.

ವಾರದ ಮೇಲೆ ಡೀನ್ ಸಾಹೇಬರ ಕಾಗದ ಬಂತು. ತಂಡ ಮುಂದುವರಿಯುತ್ತದೆ, ಪಾರ್ಕಿಂಗಿಗೆ ಬೇರೆ ಜಾಗ ನೋಡಲಾಗಿದೆ, ಎಲ್ಲರಿಗೂ ಅಭಿನಂದನೆ ಎಂದಿತ್ತು. ಅಲ್‌ಹಮ್ದುಲಿಲ್ಲಾಹ್ ಎಂದು ಕಣ್ಣಿಗೊತ್ತಿಕೊಂಡೆ. ಕೆಳಗೆ ಅವರದೇ ಕೈಬರಹದಲ್ಲಿ ಇನ್ನೆರಡು ಸಾಲು ಇದ್ದವು.

"ಗೆಲುವಿನ ಗೋಲಿಗೆ ನೆರವಾದ ಮಾರಾಯ ಎಂಬ ವಿದ್ಯಾರ್ಥಿ ಮೂರು ವರ್ಷದಲ್ಲಿ ಒಂದು ತರಗತಿಗೂ ಹಾಜರಾದ ದಾಖಲೆ ಇಲ್ಲ. ಆಟ ಚೆನ್ನಾಗಿದೆ ಎಂದು ಓದು ಬಿಡಬಾರದು, ಕರೆದು ಬುದ್ಧಿ ಹೇಳಿ."